ರಾಜೀನಾಮೆ ಬರೆಯಲಿಲ್ಲ, ಉತ್ತರ ಬರೆದೆ

ಸುಳ್ಳು ಆರೋಪ ಹೊರಿಸಿದವರು ಮೊದಲು ಕೇಳುವುದೇ ರಾಜೀನಾಮೆ. ಪೀಣ್ಯದ ಕಾರ್ಖಾನೆಯೊಂದರಲ್ಲಿ ನಾನು ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೆ. ತಾಮ್ರದ ತಂತಿ ಲೆಕ್ಕಕ್ಕಿಂತ ಕಡಿಮೆ ಬಂತು, ಕದ್ದವನು ನಾನೇ ಅಂದರು. “ನೀವೇ ಬರೆದುಕೊಟ್ಟು ಹೋಗಿಬಿಡಿ, ಪೊಲೀಸ್ ಕಂಪ್ಲೇಂಟ್ ಬೇಡ” ಎಂದು ಎಚ್‌ಆರ್ ಮ್ಯಾನೇಜರ್ ಮೆತ್ತಗೆ ಹೇಳಿದರು. ಉಪಕಾರದ ಹಾಗೆ ಕೇಳಿಸುತ್ತದೆ. ಆದರೆ ಸಹಿ ಬಿದ್ದರೆ ಅವರು ತೆಗೆದದ್ದಲ್ಲ, ನಾವೇ ಬಿಟ್ಟದ್ದು ಎಂದಾಗುತ್ತದೆ. ಹೆದರಿಸಿ ಬರೆಸಿಕೊಂಡರು ಎಂದು ಆಮೇಲೆ ಸಾಬೀತು ಮಾಡುವ ಭಾರ ನಮ್ಮದೇ. ನಾನು ಬರೆಯಲಿಲ್ಲ.

ಸಸ್ಪೆಂಡ್ ಮಾಡಿ, ಆರೋಪಗಳ ಪಟ್ಟಿಯಾದ ಚಾರ್ಜ್‌ಶೀಟ್ ಕೊಟ್ಟರು. ಒಂದೊಂದು ಆರೋಪಕ್ಕೂ ಬೇರೆಬೇರೆಯಾಗಿ ಉತ್ತರ ಬರೆದು ಅಂಚೆಯಲ್ಲಿ ಕಳಿಸಿ, ರಸೀದಿಯನ್ನೂ ಪ್ರತಿಯನ್ನೂ ಇಟ್ಟುಕೊಂಡೆ. ಸ್ಟಾಕ್ ರಿಜಿಸ್ಟರ್, ಗೇಟ್ ಪಾಸ್ ಪುಸ್ತಕ, ಸೆಕ್ಯುರಿಟಿ ಲಾಗ್, ಸಿಸಿಟಿವಿ ದೃಶ್ಯ ಕೊಡಿ ಎಂದು ಅದರಲ್ಲೇ ಕೇಳಿದೆ. ಕೊಡಲಿಲ್ಲ. ಸಸ್ಪೆಂಡ್ ಆಗಿದ್ದ ಅವಧಿಯ ಜೀವನಾಧಾರ ಭತ್ಯೆಯನ್ನೂ ಕೇಳಿ ಪಡೆದೆ: ಮೊದಲ 90 ದಿನ ಸಂಬಳದ ಅರ್ಧ, ಆಮೇಲೆ ಮುಕ್ಕಾಲು. ಅದು ಹಕ್ಕು, ಯಾರ ದಯೆಯೂ ಅಲ್ಲ.

ಡೊಮೆಸ್ಟಿಕ್ ಎನ್‌ಕ್ವೈರಿಗೆ, ಅಂದರೆ ಕಂಪನಿ ತಾನೇ ನಡೆಸುವ ಆಂತರಿಕ ವಿಚಾರಣೆಗೆ, ವಿಚಾರಣಾಧಿಕಾರಿಯಾಗಿ ಬಂದವರು ಕಂಪನಿಯೇ ನೇಮಿಸಿದ ವಕೀಲರು. ಹೋಗಿ ಏನು ಪ್ರಯೋಜನ ಎಂದು ಬಹಳ ಜನ ಹೋಗುವುದೇ ಇಲ್ಲ. ಆಗ ಎಕ್ಸ್‌ಪಾರ್ಟಿ, ಅಂದರೆ ನಮ್ಮ ಗೈರಿನಲ್ಲೇ, ಮಾಡಿ ಮುಗಿಸುತ್ತಾರೆ. ನಾನು ಒಂದು ಸಿಟ್ಟಿಂಗ್ ತಪ್ಪಿಸಲಿಲ್ಲ. ಸಹೋದ್ಯೋಗಿಯೊಬ್ಬರು ನನ್ನ ಪರ ಪ್ರತಿನಿಧಿಯಾಗಿ ಪಕ್ಕದಲ್ಲಿ ಕೂತರು. ಅವರ ಅನ್ನವೂ ಅದೇ ಕಂಪನಿಯದು. ಆ ಋಣ ತೀರಿಸಲಾರೆ. ಆರೋಪ ಹೇಳಿದ ಸೆಕ್ಯುರಿಟಿ ಗಾರ್ಡ್‌ಗೆ ಪಾಟೀಸವಾಲು ಹಾಕಲು ಬಿಡಲಿಲ್ಲ. ಅವತ್ತಿನ ನಡಾವಳಿ ಹಾಳೆಯ ಕೆಳಗೆ “ದಾಖಲೆ ಕೊಟ್ಟಿಲ್ಲ, ಪಾಟೀಸವಾಲಿಗೆ ಅವಕಾಶ ಕೊಟ್ಟಿಲ್ಲ” ಎಂದು ನನ್ನ ಕೈಯಲ್ಲೇ ಬರೆದು ಆಮೇಲೆ ಸಹಿ ಹಾಕಿದೆ. ಇಡೀ ಕೇಸಿನಲ್ಲಿ ನಾನು ಮಾಡಿದ ಅತಿ ಮುಖ್ಯ ಕೆಲಸ ಅದೇ.

ಡಿಸ್ಮಿಸ್ ಆದ ಮೇಲೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ, ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸಲು ನೋಡುವ ಸಂಧಾನಾಧಿಕಾರಿಗೆ ಅರ್ಜಿ ಕೊಟ್ಟೆ. ಕಂಪನಿಯವರು ಬಂದು ವಾಯಿದೆ ಕೇಳಿಕೊಂಡು ಹೋದರು, ಅಷ್ಟೇ. ಕೈಗಾರಿಕಾ ವಿವಾದಗಳ ಕಾಯ್ದೆಯ 2ಎ ಕಲಮಿಗೆ 2010ರಲ್ಲಿ ಬಂದ ತಿದ್ದುಪಡಿಯಂತೆ, ಸಂಧಾನಕ್ಕೆ ಅರ್ಜಿ ಹಾಕಿ 45 ದಿನ ಕಳೆದರೆ ಸರ್ಕಾರ ಕೇಸು ಕಳಿಸಲಿ ಎಂದು ಕಾಯುತ್ತ ಕೂರದೆ ನಾವೇ ಲೇಬರ್ ಕೋರ್ಟಿಗೆ ಹೋಗಬಹುದಿತ್ತು. ಹೋದೆ. ವಕೀಲರ ಫೀಸಿಗೆ ಹೆದರಿ ಹಿಂಜರಿಯುವವರಿಗೆ ಒಂದು ಮಾತು: ಕೈಗಾರಿಕಾ ಕಾರ್ಮಿಕರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100.

ಕೋರ್ಟಿನಲ್ಲಿ ಕಂಪನಿ ಎತ್ತಿದ ಮೊದಲ ತಕರಾರು, ನಾನು ‘ಸೀನಿಯರ್ ಎಕ್ಸಿಕ್ಯುಟಿವ್’, ಕಾರ್ಮಿಕನೇ ಅಲ್ಲ, ಆದ್ದರಿಂದ ಈ ಕಾಯ್ದೆ ನನಗೆ ಅನ್ವಯಿಸುವುದಿಲ್ಲ ಎಂಬುದು. ಹುದ್ದೆಯ ಹೆಸರಲ್ಲ, ದಿನವಿಡೀ ಮಾಡುವ ಕೆಲಸವೇ ಲೆಕ್ಕ. ಮಾಲು ಎಣಿಸಿ ರಿಜಿಸ್ಟರಿಗೆ ಏರಿಸುವುದು ನನ್ನ ಕೆಲಸ, ರಜೆ ಮಂಜೂರು ಮಾಡುವ ಅಧಿಕಾರವೂ ನನಗಿರಲಿಲ್ಲ ಎಂದು ತೋರಿಸಿದೆವು. ಆಮೇಲೆ ಬಂದದ್ದು ಎನ್‌ಕ್ವೈರಿ ನ್ಯಾಯವಾಗಿ ನಡೆದಿತ್ತೇ ಎಂಬ ಪ್ರಶ್ನೆ. ನಡಾವಳಿ ಹಾಳೆಯ ಆ ಎರಡು ಸಾಲನ್ನು ಜಡ್ಜ್ ಓದಿದರು, ಎನ್‌ಕ್ವೈರಿ ಬಿದ್ದುಹೋಯಿತು. ಅಲ್ಲಿಗೆ ಗೆದ್ದಂತಲ್ಲ, ಆರೋಪವನ್ನು ಕೋರ್ಟಿನಲ್ಲೇ ಹೊಸದಾಗಿ ಸಾಬೀತು ಮಾಡುವ ಅವಕಾಶ ಕಂಪನಿಗಿರುತ್ತದೆ. ಮಾಡಲು ನೋಡಿದರು. ಮಾಲು ಹೊರಗೆ ಹೋದದ್ದನ್ನು ತಾನು ಕಣ್ಣಾರೆ ಕಂಡಿಲ್ಲ ಎಂದು ಗಾರ್ಡ್ ಪಾಟೀಸವಾಲಿನಲ್ಲಿ ಒಪ್ಪಿಕೊಂಡ.

ಸೇವಾ ನಿರಂತರತೆಯೊಂದಿಗೆ (ಸೇವೆ ನಡುವೆ ಕಡಿದೇ ಇಲ್ಲ ಎಂದು ಲೆಕ್ಕ ಹಿಡಿದು) ಮರುನೇಮಕ, ಅರ್ಧ ಬಾಕಿ ವೇತನ ಎಂದು ತೀರ್ಪಾಯಿತು. ಅನ್ಯಾಯವಾಗಿ ತೆಗೆದರೆ ಪೂರ್ತಿ ಬಾಕಿ ವೇತನವೇ ಸಾಮಾನ್ಯ ನಿಯಮ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ದೀಪಾಲಿ ಗುಂಡು ಸುರ್ವಸೆ ಪ್ರಕರಣದಲ್ಲಿ ಹೇಳಿದೆ. ಆದರೆ ನಾನು ನಡುವೆ ಭಾವನ ಅಂಗಡಿಯಲ್ಲಿ ಸಂಬಳಕ್ಕೆ ಲೆಕ್ಕ ಬರೆಯುತ್ತಿದ್ದೆ, ಅದನ್ನು ಪ್ರಮಾಣಪತ್ರದಲ್ಲಿ ಮುಚ್ಚಿಡಲಿಲ್ಲ. ಕಳ್ಳತನದ ಆರೋಪ ತೊಳೆದುಕೊಳ್ಳಲು ಹೋದವನು ಕೋರ್ಟಿನಲ್ಲಿ ಸುಳ್ಳು ಹೇಳುವುದು ನನಗೆ ಸರಿ ಕಾಣಲಿಲ್ಲ.

ಈಗ ಕಾನೂನು ಬದಲಾಗಿದೆ. 2025ರ ನವೆಂಬರ್ 21ರಿಂದ ಆ ಹಳೆಯ ಕಾಯ್ದೆಯ ಜಾಗದಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದೆ. ಮೊದಲು ಸಂಧಾನ, ಆಮೇಲೆ (ಲೇಬರ್ ಕೋರ್ಟಿನ ಜಾಗದಲ್ಲಿ) ಕೈಗಾರಿಕಾ ನ್ಯಾಯಮಂಡಳಿ ಎಂಬ ದಾರಿ ಹಾಗೇ ಇದ್ದರೂ, ವಿವಾದ ಹುಟ್ಟಿ ಎರಡು ವರ್ಷ ದಾಟಿದರೆ ಸಂಧಾನಾಧಿಕಾರಿ ಅದನ್ನು ಕೈಗೆತ್ತಿಕೊಳ್ಳುವಂತಿಲ್ಲ. ನಿಜವಾಗಿ ಮ್ಯಾನೇಜರ್ ಕೆಲಸ ಮಾಡುವವರಿಗೆ ಈ ದಾರಿ ಇಲ್ಲ. ಖಾಸಗಿ ಕಂಪನಿಯವರಾದರೆ ಅವರು ಸಿವಿಲ್ ಕೋರ್ಟಿಗೆ ಹೋಗಬೇಕು. ಅಲ್ಲಿ ಸಾಮಾನ್ಯವಾಗಿ ಸಿಗುವುದು ಪರಿಹಾರದ ಹಣ, ಹೋದ ಕೆಲಸವಲ್ಲ.