ಧಾರವಾಡದ ಹಳೇ ಪೇಟೆಯಲ್ಲಿ ಫ್ಲ್ಯಾಟ್: ಸಂಪು, ಪಡುವಣ ಗೋಡೆ ಮತ್ತು ಕಾಲ್ನಡಿಗೆ

ಸುಭಾಸ್ ರಸ್ತೆ, ಗಾಂಧಿ ಚೌಕ, ಟಿಕಾರೆ ರಸ್ತೆಯ ಆಜುಬಾಜು ಫ್ಲ್ಯಾಟ್ ಹಿಡಿಯುವುದಾದರೆ ಮೊದಲು ತೆಗೆಸಿ ನೋಡಬೇಕಾದದ್ದು ಸಂಪಿನ ಮುಚ್ಚಳ. ಅಡುಗೆಮನೆ, ಬಾಲ್ಕನಿ ಎಲ್ಲಾ ಆಮೇಲೆ. ಧಾರವಾಡಕ್ಕೆ ಕುಡಿಯುವ ನೀರು ಬರುವುದು ಸವದತ್ತಿ ಕಡೆಯ ಮಲಪ್ರಭೆಯಿಂದ, ಅಮ್ಮಿನಬಾವಿಯಲ್ಲಿ ಶುದ್ಧಿಯಾಗಿ. ಕೆಲವು ವಾರ್ಡುಗಳಲ್ಲಿ ದಿನವಿಡೀ ನಳ ಬರುತ್ತದೆ, ಉಳಿದ ಕಡೆ ನಡುವೆ ದಿನಗಳ ಅಂತರ ಇದ್ದೇ ಇದೆ. ಆ ಓಣಿಗೆ ಎಷ್ಟು ದಿನಕ್ಕೊಮ್ಮೆ ನೀರು ಬಿಡುತ್ತಾರೆ, ಎಷ್ಟು ತಾಸು ಬಿಡುತ್ತಾರೆ ಎಂಬುದನ್ನು ಮನೆ ತೋರಿಸುವವರನ್ನು ಕೇಳಬೇಡಿ, ಎದುರುಮನೆಯ ಕಟ್ಟಿ ಮೇಲೆ ಕೂತ ಹಿರಿಯರನ್ನು ಕೇಳಿ. ಅದೂ ಏಪ್ರಿಲ್‌–ಮೇ ತಿಂಗಳ ಲೆಕ್ಕ ಕೇಳಬೇಕು.

ನಾನು ಲೆಕ್ಕ ಹಾಕುವುದು ಹೀಗೆ. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ನಗರ ನೀರು ಸರಬರಾಜಿನಲ್ಲಿ ಹಿಡಿಯುವ ಅಳತೆ. ನಾಲ್ಕು ಜನರ ಮನೆಗೆ 540 ಲೀಟರ್. ಹನ್ನೆರಡು ಫ್ಲ್ಯಾಟಿಗೆ ದಿನಕ್ಕೆ 6,480. ನಾಲ್ಕು ದಿನಕ್ಕೊಮ್ಮೆ ನಳ ಬರುವ ಓಣಿಯಾದರೆ ಸುಮಾರು 26,000 ಲೀಟರ್ ಬೇಕು, ಒಂದು ದಿನ ತಪ್ಪಿದರೆ 32,400. ಈಗ ಸಂಪು ಅಳೆಯಿರಿ. ‘ಮೂವತ್ತು ಸಾವಿರದ ಸಂಪು’ ಎಂದು ಹೇಳುವುದು ಸಾಮಾನ್ಯವಾಗಿ 5 ಮೀಟರ್ ಉದ್ದ, 3 ಅಗಲ, 2 ಆಳದ್ದು. ಆದರೆ ಮೇಲೆ ಒಂದು ಗೇಣು ಖಾಲಿ ಬಿಡಲೇಬೇಕು, ಕೆಳಗೆ ಮೋಟಾರಿನ ಪೈಪಿನ ತುದಿಯ ಫುಟ್‌ವಾಲ್ವ್ ಮುಳುಗಿರಲು ಒಂದು ಗೇಣು ನೀರು ಉಳಿಯಲೇಬೇಕು. ಕೈಗೆ ಸಿಗುವ ಆಳ 1.6 ಮೀಟರ್, ಅಂದರೆ 24,000 ಲೀಟರ್. ನಾಲ್ಕನೇ ದಿನ ಸಂಜೆ ನೀರು ಮುಗಿಯುವುದು ಇದೇ ಕಾರಣಕ್ಕೆ. ಇದು ಯಾರ ದುಂದುಗಾರಿಕೆಯೂ ಅಲ್ಲ. ಉದ್ದನೆಯ ಬಿದಿರ ಕೋಲು ಇಳಿಸಿ ಒದ್ದೆಯಾದ ಗುರುತು ಅಳೆದರೆ ಐದು ನಿಮಿಷದ ಕೆಲಸ.

ನೀರು ಸಾಲದಿದ್ದರೆ ಟ್ಯಾಂಕರ್ ತರಿಸಿದರಾಯ್ತು ಅನ್ನಬಹುದು. ಅದಕ್ಕೇ ಓಣಿಯ ಅತಿ ಕಿರಿದಾದ ಜಾಗವನ್ನೂ ಟೇಪು ಹಿಡಿದು ಅಳೆಯಬೇಕು. 3 ಮೀಟರಿಗಿಂತ ಕಡಿಮೆಯಿದ್ದು ಮುಂದೆ ತಿರುವೂ ಇದ್ದರೆ ಟ್ಯಾಂಕರ್ ಒಳಗೆ ಬರುವುದಿಲ್ಲ, ಆಂಬ್ಯುಲೆನ್ಸ್ ಕೂಡ ಕಷ್ಟ. ಅಂಥ ಓಣಿಯಲ್ಲಿ ಸಂಪು ದೊಡ್ಡದಿರಲೇಬೇಕು, ಬೋರು ಇದ್ದರೆ ಅದರ ನೀರನ್ನು ಬಚ್ಚಲಿಗೂ ಪಾಯಖಾನೆಗೂ ಬೇರೆ ಪೈಪಿನಲ್ಲಿ ಹರಿಸಬೇಕು.

ನಳದ ಪೈಪಿಗೇ ನೇರ ಮೋಟಾರು ಕೂಡಿಸಿದ ಕಟ್ಟಡ ಕಂಡರೆ ನಾನಂತೂ ಬೇಡವೆನ್ನುತ್ತೇನೆ. ಅದು ನಿಯಮಕ್ಕೆ ವಿರುದ್ಧ. ಅದಕ್ಕಿಂತ ದೊಡ್ಡ ಮಾತೆಂದರೆ, ಮೋಟಾರು ಎಳೆದಾಗ ಪೈಪಿನೊಳಗೆ ಒತ್ತಡ ಕುಸಿದು ಗಟಾರದ ಪಕ್ಕದ ಹಳೇ ಜೋಡಣೆಗಳ ಸೀಳಿನಿಂದ ಕೊಳಕು ಒಳಗೆ ಸೇರುತ್ತದೆ. ನಳದ ನೀರು ತನ್ನಷ್ಟಕ್ಕೆ ಸಂಪಿಗೆ ಬೀಳಬೇಕು, ಮೋಟಾರು ಸಂಪಿನಿಂದ ಮೇಲಕ್ಕೆ ಎತ್ತಬೇಕು. ಮೊದಲ ಐದ್ಹತ್ತು ನಿಮಿಷದ ಕೆಂಪು ನೀರನ್ನು ಹೊರಗೆ ಬಿಡಲು ಸಂಪಿನ ಮುಂಚೆ ಮೂರು ಬಾಯಿಯ ಒಂದು ‘ಟೀ’ ಪೈಪು ಮತ್ತು ಎರಡು ವಾಲ್ವ್ ಹಾಕಿಸಿದರೆ ಸಂಪಿನ ತಳದ ಕೆಸರು ಎಷ್ಟೋ ಕಡಿಮೆಯಾಗುತ್ತದೆ.

ಸಂಪು ತೊಳೆಸುವುದು ವರ್ಷಕ್ಕೆ ಎರಡು ಸಲ, ಮೇ ಕೊನೆಗೊಮ್ಮೆ, ಮಳೆ ಮುಗಿದ ಮೇಲೆ ಅಕ್ಟೋಬರಿನಲ್ಲೊಮ್ಮೆ. ಮಳೆಗಾಲದಲ್ಲಿ ಬ್ಲೀಚಿಂಗ್ ಪುಡಿ ಹಾಕುವುದಾದರೆ ಒಳ್ಳೆಯ ಪುಡಿ 1,000 ಲೀಟರಿಗೆ 2.5 ಗ್ರಾಂ ಸಾಕು, 24,000 ಲೀಟರಿಗೆ 60 ಗ್ರಾಂ. ಅದನ್ನು ಸೀದಾ ಸಂಪಿಗೆ ಸುರಿಯುವುದು ಎಲ್ಲೆಡೆ ಕಾಣುವ ತಪ್ಪು. ಮೊದಲು ಸ್ವಲ್ಪ ನೀರಿನಲ್ಲಿ ಕಲಸಿ ಮುದ್ದೆ ಮಾಡಿ, ಬಕೆಟ್ ತುಂಬ ನೀರು ಸೇರಿಸಿ, ಹತ್ತು ನಿಮಿಷ ಬಿಟ್ಟರೆ ಸುಣ್ಣ ಕೆಳಗೆ ಕೂರುತ್ತದೆ. ಮೇಲಿನ ತಿಳಿ ಮಾತ್ರ ಸಂಪಿಗೆ ಹಾಕಿ, ಒಂದು ತಾಸು ಬಿಟ್ಟು ಮೋಟಾರು ಚಾಲೂ ಮಾಡಬೇಕು. ಹಳೇ ಪ್ಯಾಕೆಟ್ಟಿನ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ, ವಾಸನೆ ಮೂಗಿಗೆ ಬಡಿಯದಿದ್ದರೆ ಅದು ಬರೀ ಸುಣ್ಣ.

ಇನ್ನು ಗೋಡೆ. ಧಾರವಾಡದ ಜಿಟಿಜಿಟಿ ಮಳೆ ಜೂನಿನಿಂದ ಸೆಪ್ಟೆಂಬರಿನವರೆಗೆ ಪಡುವಣ ಗಾಳಿಯ ಜೊತೆ ಬರುತ್ತದೆ, ಹಾಗಾಗಿ ನೆನೆಯುವುದು ಪಶ್ಚಿಮ ಮತ್ತು ನೈಋತ್ಯದ ಗೋಡೆಗಳು. ಫ್ಲ್ಯಾಟನ್ನು ಆಗಸ್ಟಿನಲ್ಲಿ ನೋಡುವುದು ಎಲ್ಲಕ್ಕಿಂತ ಚಲೋ. ಬೇಸಿಗೆಯಲ್ಲಿ ಹೊಸ ಬಣ್ಣ ಬಳಿದ ಮನೆ ಏನನ್ನೂ ಹೇಳುವುದಿಲ್ಲ. ಅಂಗೈ ಬದಲು ಕೈಯ ಹಿಂಬದಿಯನ್ನು ಕಿಟಕಿಯ ಕೆಳಗಿನ ಎರಡೂ ಮೂಲೆಗೆ ತಾಗಿಸಿ ನೋಡಿ, ತಂಪು ಬೇಗ ಗೊತ್ತಾಗುತ್ತದೆ. ಗೋಡೆಗೆ ಹತ್ತಿದ ಕಪಾಟಿನ ಬಾಗಿಲು ತೆಗೆದು ಮೂಸಿ ನೋಡಿ, ಬೂಸಲಿನ ವಾಸನೆ ಇದ್ದರೆ ಹಿಂದಿನ ಗೋಡೆ ಹಸಿ. ಬಿಳಿ ಉಪ್ಪು ಹೂವಿನಂತೆ ಎದ್ದಿದ್ದರೆ ನೀರು ಹಲವು ಮಳೆಗಾಲದಿಂದ ಒಳಬರುತ್ತಿದೆ ಎಂದರ್ಥ.

ಕಾರಣ ಹೆಚ್ಚಾಗಿ ಎರಡೇ. ಕಿಟಕಿಯ ಮೇಲಿನ ಸಜ್ಜಾದ ಕೆಳಬದಿಗೆ ಹನಿ ಕಡಿಯುವ ತೋಡು ಇರುವುದಿಲ್ಲ, ನೀರು ಸಜ್ಜಾದ ಕೆಳಮೈ ಹಿಡಿದು ಹರಿದು ಕಿಟಕಿ ಚೌಕಟ್ಟಿಗೆ ಬರುತ್ತದೆ. ಇನ್ನೊಂದು, ಕಾಲಮ್ಮಿನ ಕಾಂಕ್ರೀಟಿಗೂ ಇಟ್ಟಿಗೆ ಗೋಡೆಗೂ ನಡುವಿನ ಉದ್ದ ಬಿರುಕು, ಎರಡೂ ಬಿಸಿಲಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದರಿಂದ. ಇದಕ್ಕೆ ಒಳಗೆ ಎಷ್ಟು ಪುಟ್ಟಿ ಮೆತ್ತಿದರೂ ಒಂದೇ ಮಳೆಗಾಲದಲ್ಲಿ ಉದುರುತ್ತದೆ, ಏಕೆಂದರೆ ನೀರು ಬರುತ್ತಿರುವುದು ಹೊರಗಿನಿಂದ. ಕೆಲಸ ಮಾಡಿಸುವುದು ಮಾರ್ಚ್‌ನಿಂದ ಮೇ ನಡುವೆ, ಗೋಡೆ ಪೂರ್ತಿ ಒಣಗಿದಾಗ. ಗವಂಡಿಗೆ ಬಿರುಕನ್ನು ಇಂಗ್ಲಿಷಿನ ವಿ ಆಕಾರದಲ್ಲಿ ಸುಮಾರು 10 ಮಿಲಿಮೀಟರ್ ಬಿಡಿಸಲು ಹೇಳಿ, ಧೂಳು ತೊಳೆದು, ಪಾಲಿಮರ್ ಬೆರೆಸಿದ ಗಾರೆ ತುಂಬಿಸಿ, ಜೋಡಣೆಯ ಮೇಲೆ ಜಾಳಿಗೆ ಪಟ್ಟಿ ಒತ್ತಿಸಿ. ಒಣಗಿದ ಮೇಲೆ ಹಿಗ್ಗುವ ಗುಣದ ಹೊರಗೋಡೆ ಬಣ್ಣ ಎರಡು ಕೈ. ಸಜ್ಜಾದ ಕೆಳಬದಿಗೆ ಅಂಚಿನಿಂದ ಎರಡು ಬೆರಳು ಒಳಗೆ ಒಂದು ಸಣ್ಣ ತೋಡು ಕೊರೆಸಿದರೆ ಹನಿ ಅಲ್ಲೇ ಕೆಳಗೆ ಬೀಳುತ್ತದೆ. ಖರ್ಚು ಅತ್ಯಂತ ಕಡಿಮೆ, ಫಲ ಎಲ್ಲಕ್ಕಿಂತ ಹೆಚ್ಚು.

ಪಕ್ಕದಲ್ಲಿ ಹಳೇ ಮಣ್ಣಿನ ವಾಡೆ (ದೊಡ್ಡಮನೆ) ಇದ್ದರೆ ನಡುವಿನ ಸಂದಿಗೆ ಇಳಿದು ನೋಡಲೇಬೇಕು. ನಿಮ್ಮ ಕಟ್ಟಡದ ಮಳೆನೀರಿನ ಪೈಪು ಅಲ್ಲಿ ತೆರೆದುಕೊಂಡಿದ್ದರೆ ಆ ಮಣ್ಣಿನ ಗೋಡೆಯ ಬುಡ ವರ್ಷವರ್ಷವೂ ಕರಗುತ್ತದೆ. ಮಳೆಗಾಲದಲ್ಲಿ ಕುಸಿಯುವ ಗೋಡೆಗಳ ಹಿಂದೆ ಹೆಚ್ಚಾಗಿ ಇಂಥದ್ದೇ ಒಂದು ಪೈಪು ಇರುತ್ತದೆ. ಅದನ್ನು ಗಟಾರದ ತನಕ ಮುಟ್ಟಿಸುವುದು ಅಪಾರ್ಟ್‌ಮೆಂಟಿನವರ ಹೊಣೆ. ಆ ವಾಡೆಯ ಪಡಸಾಲೆ, ಕಟ್ಟಿ, ಕಂಬಗಳಿಂದಲೇ ನಮ್ಮ ಓಣಿಗೆ ಓಣಿಯ ಕಳೆ ಬಂದಿದೆ.

ಕಾಗದದ ಮಾತು ಚಿಕ್ಕದು. ಪೇಟೆಯೊಳಗಿನ ಜಾಗಕ್ಕೆ ಸರ್ವೆ ನಂಬರಿಗಿಂತ ಸಿಟಿಎಸ್ (ಸಿಟಿ ಸರ್ವೆ) ನಂಬರು ಮುಖ್ಯ. ಸಿಟಿ ಸರ್ವೆ ಆಫೀಸಿನ ಉತಾರದಲ್ಲಿ ಮೂಲ ವಾಡೆಯ ಎಲ್ಲ ವಾರಸುದಾರರ ಹೆಸರು ತೆಗೆದು ಕಟ್ಟಿದವರ ಹೆಸರು ಬಂದಿದೆಯೇ ನೋಡಿ. ಹಳೇ ಮನೆತನಗಳ ಪಾಲು ಹತ್ತು ಕಡೆ ಹರಿದಿರುತ್ತದೆ, ಒಂದು ಸಹಿ ತಪ್ಪಿದರೂ ಮುಂದೆ ತಕರಾರು.

ನಡಿಗೆಯ ಪರೀಕ್ಷೆಗೆ ಒಂದು ದಿನ ಎತ್ತಿಡಿ. ಸಾಧಾರಣ ನಡಿಗೆ ನಿಮಿಷಕ್ಕೆ 80 ಮೀಟರ್. ಗೇಟಿನಿಂದ ಹಾಲು, ಕಾಯಿಪಲ್ಲೆ, ಔಷಧಿ ಅಂಗಡಿ, ಡಾಕ್ಟರು, ಬಸ್ಸು ಇಷ್ಟೂ ಹತ್ತು ನಿಮಿಷದೊಳಗೆ ಇರಬೇಕು. ಧಾರವಾಡದ ರಸ್ತೆಗಳಲ್ಲಿ ಏರಿಳಿತ ಬಹಳ. ಚೀಲ ತುಂಬಿ ಏರುವಾಗ ಹತ್ತು ನಿಮಿಷದ್ದು ಹದಿಮೂರಾಗುತ್ತದೆ, ಆದ್ದರಿಂದ ಹೊತ್ತು ಅಳೆಯುವುದು ವಾಪಸ್ ಬರುವಾಗ. ಇದನ್ನೆಲ್ಲ ಬೆಳಿಗ್ಗೆ ಒಂಬತ್ತಕ್ಕೊಮ್ಮೆ, ಸಂಜೆ ಆರೂವರೆಗೊಮ್ಮೆ ಮಾಡಿ. ಗಾಡಿಗಳು ಅಂಚಿಗೆ ನಿಂತು ನಡೆಯುವವರು ನಡುರಸ್ತೆಗೆ ಇಳಿಯಬೇಕಾಗುವುದು ಎಲ್ಲಿ ಎಂದು ಸಂಜೆಯೇ ತಿಳಿಯುತ್ತದೆ.

ಇಷ್ಟು ಗಟ್ಟಿಯಿದ್ದರೆ ಮನೆ ಎರಡೇ ಕೋಣೆಯದಾದರೂ ಸಾಕು, ಊರೇ ಉಳಿದ ಕೋಣೆಗಳು. ಸುಭಾಸ್ ರಸ್ತೆಯಲ್ಲಿ 1933ರಲ್ಲಿ ಜಿ.ಬಿ. ಜೋಶಿಯವರು ಶುರುಮಾಡಿದ ಮನೋಹರ ಗ್ರಂಥಮಾಲೆಯ ಅಟ್ಟ, 1890ರಿಂದ ನಡೆದು ಬಂದ ಕರ್ನಾಟಕ ವಿದ್ಯಾವರ್ಧಕ ಸಂಘ, ಲೈನ್ ಬಜಾರದ ಪೇಢೆ, ಇವಕ್ಕೆಲ್ಲ ಗಾಡಿ ತೆಗೆಯುವ ಕೆಲಸವೇ ಇಲ್ಲ. ರವಿವಾರ ಮಾಳಮಡ್ಡಿಯ ನೇರ ಓಣಿಗಳಲ್ಲಿ ಸುತ್ತಿ ಕರ್ನಾಟಕ ಕಾಲೇಜಿನ ಕಡೆ ಹೋಗಬಹುದು. ಕಾಲೇಜು 1917ರದ್ದು, ಕಟ್ಟಡ ಮೊದಲು ಸದರ್ನ್ ಮರಾಠಾ ರೈಲ್ವೆಯ ಕಚೇರಿಯಾಗಿತ್ತು. ಬೇಂದ್ರೆಯವರ ಸಾಧನಕೇರಿಗೆ ಬಿಸಿಲು ಇಳಿದ ಮೇಲೆ ಹೊರಡುವುದು ಹಿತ.

ಹುಬ್ಬಳ್ಳಿಗೆ ತನ್ನದೇ ಪಥದಲ್ಲಿ ಓಡುವ ಚಿಗರಿ ಬಸ್ಸು. ಸುಮಾರು 22 ಕಿಲೋಮೀಟರ್, ಮುಕ್ಕಾಲು ತಾಸು ಹಿಡಿಯಿರಿ. ನಿಲ್ದಾಣ ರಸ್ತೆಯ ನಡುವೆ ಇರುವುದರಿಂದ ಸಿಗ್ನಲ್ ಬಳಿಯೇ ದಾಟಬೇಕು. ಉಣಕಲ್ಲಿನಲ್ಲಿ ಇಳಿದರೆ ಊರೊಳಗೆ ಮನೆಗಳ ನಡುವೆ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿ ಇದೆ, ನಾಲ್ಕೂ ದಿಕ್ಕಿಗೆ ಬಾಗಿಲು. ಕೊನೆಯ ತನಕ ಹೋದರೆ ದುರ್ಗದ ಬೈಲು, ಜವಳಿ ಸಾಲು, ದಾಜಿಬಾನಪೇಟೆ ಒಂದೇ ಸುತ್ತಿನಲ್ಲಿ ಕಾಲ್ನಡಿಗೆಗೆ ಸಿಗುತ್ತವೆ. ಅಲ್ಲಿ ಕಾರು ಒಯ್ದವರ ಅರ್ಧ ದಿನ ನಿಲ್ಲಿಸುವ ಜಾಗ ಹುಡುಕುವುದರಲ್ಲೇ ಹೋಗುತ್ತದೆ.

ಗದಗಿಗೆ ಹುಬ್ಬಳ್ಳಿಯಿಂದ ರೈಲು. ದಾರಿಯಲ್ಲಿ ಅಣ್ಣಿಗೇರಿಯ ಅಮೃತೇಶ್ವರ ಗುಡಿ ಇದೆ, ಅದಕ್ಕೆ ಬೇರೆ ದಿನವೇ ಇಡಿ. ಗದಗಿನಲ್ಲಿ ಇಳಿದವರು ಮೊದಲು ಸುಮಾರು 12 ಕಿಲೋಮೀಟರ್ ದೂರದ ಲಕ್ಕುಂಡಿಗೆ ಹೋಗಬೇಕು. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಎದುರುಬದುರು ಎರಡು ಗರ್ಭಗುಡಿಯ ಕಾಶಿವಿಶ್ವನಾಥ, ಮೆಟ್ಟಿಲ ಬಾವಿಗಳು, ಎಲ್ಲವೂ ಓಣಿಗಳಲ್ಲಿ ನಡೆದೇ ಸಿಗುತ್ತವೆ. ಗದಗಿನ ತ್ರಿಕೂಟೇಶ್ವರ, ವೀರನಾರಾಯಣ ಗುಡಿಗಳನ್ನು ಸಂಜೆಗೆ ಇಡಿ, ಮಧ್ಯಾಹ್ನ ಬಾಗಿಲು ಹಾಕಿರಬಹುದು. ಮಳೆಗಾಲದಲ್ಲಿ ಹೋದರೆ ಲಕ್ಕುಂಡಿಯ ಮುಸುಕಿನ ಬಾವಿಯ ಮೆಟ್ಟಿಲು ಪಾಚಿ ಕಟ್ಟಿರುತ್ತವೆ. ಗೋಡೆಯ ಕಡೆಯಿಂದ ಒಂದೊಂದೇ ಮೆಟ್ಟಿಲು ಇಳಿಯಿರಿ, ಹಸಿರು ಕಂಡಲ್ಲಿ ನಿಲ್ಲಿ. ಕೆತ್ತನೆ ಅಲ್ಲಿಂದಲೂ ಚೆನ್ನಾಗಿ ಕಾಣುತ್ತದೆ.