ಹದಿಹರೆಯದ ಸಿಟ್ಟಿಗೆ ಸರಿಯಾದ ಹೆಸರು ಹುಡುಕುವುದು

ಹದಿನೈದರ ಮಗಳು ಧಡಾರನೆ ಬಾಗಿಲು ಹಾಕಿಕೊಂಡಳೇ? ಆಗಲೇ ಬುದ್ಧಿ ಹೇಳಲು ಹೋಗಬೇಡಿ. ಸಿಟ್ಟು ನೆತ್ತಿಗೇರಿದಾಗ ಯಾವ ಮಾತೂ ಒಳಗಿಳಿಯದು. 20-30 ನಿಮಿಷ ಬಿಡಿ. ಆಮೇಲೆ ಪಕ್ಕದಲ್ಲಿ ಕೂತು, ಅವರೆಕಾಳು ಬಿಡಿಸುತ್ತಲೋ ಬಟ್ಟೆ ಮಡಚುತ್ತಲೋ ಮಾತು ತೆಗೆಯಿರಿ. ಎದುರು ಕೂತು ದಿಟ್ಟಿಸಿದರೆ ಅದು ವಿಚಾರಣೆಯಾಗಿಬಿಡುತ್ತದೆ.

"ಯಾಕೆ ಹಾಗೆ ಮಾಡ್ದೆ?" ಎಂದರೆ ಸಿಗುವ ಉತ್ತರ "ಏನಿಲ್ಲ". ಬದಲಿಗೆ "ಬೇಜಾರಾಯ್ತಾ, ಅವಮಾನ ಅನ್ನಿಸ್ತಾ, ಇಲ್ಲಾ ಭಯಾನಾ?" ಎಂದು ಆಯ್ಕೆ ಕೊಡಿ. ಈ ವಯಸ್ಸಿನವರು ಎಲ್ಲವನ್ನೂ "ತಲೆಕೆಟ್ಟಿದೆ" ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಗೆಳತಿಯರು ವಾಟ್ಸಾಪ್ ಗ್ರೂಪಿನಿಂದ ತೆಗೆದುಹಾಕಿದ ನೋವು ಅದರೊಳಗೇ ಅಡಗಿರಬಹುದು. ಅವಳು ಹೇಳಿದ್ದನ್ನು ಒಂದೇ ವಾಕ್ಯದಲ್ಲಿ ಮರಳಿ ಹೇಳಿ, ಸುಮ್ಮನಾಗಿ. ಹೆಚ್ಚಿನವರು ಎಡವುವುದು ಇಲ್ಲೇ: ಆ ಮೌನ ತಡೆಯಲಾರದೆ "ನಮ್ಮ ಕಾಲದಲ್ಲಿ..." ಎಂದು ಶುರುಮಾಡುತ್ತಾರೆ, ಮಗಳು ಮತ್ತೆ ಬಾಗಿಲು ಹಾಕಿಕೊಳ್ಳುತ್ತಾಳೆ.

ಸಿಟ್ಟಿಗೆ ನಿದ್ದೆಗೇಡೂ ಕಾರಣವಿರಬಹುದು: 13ರಿಂದ 18 ವಯಸ್ಸಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ರಾತ್ರಿ ಎಲ್ಲರ ಮೊಬೈಲೂ, ಅಪ್ಪ-ಅಮ್ಮನದೂ ಸೇರಿ, ಹಾಲ್‌ನಲ್ಲೇ ಚಾರ್ಜಿಗಿರಲಿ.

ಊಟ, ನಿದ್ದೆ, ಗೆಳೆತನ ಎರಡು ವಾರ ಹದಗೆಟ್ಟೇ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆಮಾಡಿ. ಉಚಿತ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡಬಹುದು. ಸಾಯುವ ಮಾತು ಬಂದರೆ ಮಾತ್ರ ಕಾಯಲೇಬೇಡಿ, ಆ ಕ್ಷಣವೇ ಕರೆಮಾಡಿ, ಅವಳನ್ನು ಒಂಟಿಯಾಗಿ ಬಿಡಬೇಡಿ.