ಎರಡು ಮನೆಯ ಚೀಟಿ

ಹಾಸನದಲ್ಲಿ ಆಗ ಕ್ಲಬ್ ಎಂದರೆ ಇಸ್ಪೀಟು. 1986ರಲ್ಲಿ ನಾವು ಐದು ಜನ ಸೇರಿ, ಸಂಗೀತದ ಕ್ಲಬ್ ಮಾಡುತ್ತೇವೆ, ಮಹಡಿ ಬಾಡಿಗೆಗೆ ಕೊಡಿ ಎಂದು ಕೇಳಿಕೊಂಡು ಹೋದಾಗ ಮೂವರು ಮಾಲೀಕರು ಕಾಫಿ ಕೊಟ್ಟು ಮರ್ಯಾದೆಯಿಂದ ಸಾಗಹಾಕಿದರು. ನಾಲ್ಕನೆಯವರು ಅಕ್ಕಿ ಮಂಡಿಯ ಯಜಮಾನರು. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಎಲೆ ಆಡುವುದಿಲ್ಲ ತಾನೆ?"

"ಇಲ್ಲ ಯಜಮಾನರೇ, ಹಾಡುವುದು ಅಷ್ಟೇ."

"ಹಾಗಾದರೆ ಹಾಡಿಕೊಳ್ಳಿ. ಕೆಳಗಿರುವುದು ಮೂಟೆಗಳು, ಅವಕ್ಕೇನು ನಿದ್ದೆ ಕೆಡುವುದಿಲ್ಲ. ಹತ್ತು ಗಂಟೆಗೆ ಬೀಗ ಬೀಳಬೇಕು."

ಹೀಗೆ ನಮಗೆ ಜಾಗ ಸಿಕ್ಕಿತು. ಹೆಸರಿಡಬೇಕೆಂದು ಎರಡು ತಿಂಗಳು ಜಗಳವಾಡಿದೆವು, ಅಷ್ಟರಲ್ಲಿ ಊರೇ ಹೆಸರಿಟ್ಟಿತ್ತು: 'ಮಂಡಿ ಮೇಲೆ'. ತಿಂಗಳಿಗೆ ಹತ್ತು ರೂಪಾಯಿ ಕೊಟ್ಟವರು ಸದಸ್ಯರು. ಅವರಿಗೆ ಪ್ರತಿ ಶನಿವಾರ ಸಂಜೆ ಆರೂವರೆಯಿಂದ ಹಾಡು, ನಡುವೆ ಒಂದು ಲೋಟ ಕಾಫಿ, ಎರಡು ಬೋಂಡ. ನಾನು ಹಗಲು ಸಹಕಾರ ಸಂಘವೊಂದರಲ್ಲಿ ಗುಮಾಸ್ತ, ಶನಿವಾರ ಹಾರ್ಮೋನಿಯಂ. ಕೀಬೋರ್ಡ್ ಬಂದದ್ದು ಆಮೇಲೆ.

ಮೊದಲ ಶನಿವಾರ ಯಾರಿಗೂ ಒಂದು ಪದವೂ ತಿಳಿಯಲಿಲ್ಲ. ರೆಡ್ ಆಕ್ಸೈಡ್ ನೆಲ, ಬೋಳು ಗೋಡೆ, ಮೇಲೆ ಹೆಂಚು. ಒಂದು ಸಾಲು ಹಾಡಿದರೆ ಅದು ಗೋಡೆಗೆ ಬಡಿದು ಮುಂದಿನ ಸಾಲಿನ ಮೇಲೆ ಬಂದು ಬೀಳುತ್ತಿತ್ತು. ಮೈಕ್ ಬೇರೆ ಕುಂಯ್ ಎಂದು ಕೂಗುತ್ತಿತ್ತು. ಧ್ವನಿಪೆಟ್ಟಿಗೆಗಳನ್ನು ಹಾಡುವವರ ಬೆನ್ನ ಹಿಂದೆ ಇಟ್ಟಿದ್ದೆವು. ಅದರಿಂದ ಬಂದ ದನಿ ಮತ್ತೆ ಮೈಕಿನೊಳಗೇ ಹೋಗುತ್ತದೆ ಎಂಬ ಸಣ್ಣ ವಿಷಯ ಐವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಪೆಟ್ಟಿಗೆಗಳನ್ನು ಮೈಕಿಗಿಂತ ಮುಂದಕ್ಕೆ ತಂದು ಜನರ ಕಡೆ ತಿರುಗಿಸಿದ ಮೇಲೆ ಕೂಗು ನಿಂತಿತು. ಗೋಡೆಯ ಮಾರ್ದನಿಗೆ ಯಜಮಾನರ ಹಳೆಯ ಗೋಣಿಚೀಲಗಳೇ ಮದ್ದಾದವು. ಚೀಲಗಳನ್ನು ಬಿಚ್ಚಿ, ದಬ್ಬಣದಿಂದ ಒಂದಕ್ಕೊಂದು ಹೊಲಿದು, ಹಿಂದಿನ ಗೋಡೆಗೆ ಎರಡು ಪದರ ಇಳಿಬಿಟ್ಟೆವು. ದನಿ ತಟ್ಟನೆ ಹತ್ತಿರ ಬಂದು ಕುಳಿತ ಹಾಗಾಯಿತು. ತೌಡಿನ ಧೂಳಿಗೆ ಗಾಯಕರು ಚರಣದ ನಡುವೆ ಸೀನುತ್ತಿದ್ದುದು ಬೇರೆ ಮಾತು.

ಹಾಡುಗಳನ್ನು ಕಲಿಯುತ್ತಿದ್ದುದು ಕ್ಯಾಸೆಟ್ಟಿನಿಂದ. ಸೆಲ್ ಸೊರಗಿದರೆ ಟೇಪು ನಿಧಾನವಾಗಿ ಓಡಿ ಹಾಡು ಅರ್ಧ ಮನೆ ಕೆಳಗೆ ಕೇಳಿಸುತ್ತಿತ್ತು. ಮನೆ ಎಂದರೆ ಹಾರ್ಮೋನಿಯಂನ ಕೀಲಿ, ಶ್ರುತಿಯ, ಅಂದರೆ ಹಾಡಿನ ಆಧಾರ ಸ್ವರದ, ಎತ್ತರವನ್ನು ನಾವು ಹೇಳುತ್ತಿದ್ದುದು ಅದರ ಲೆಕ್ಕದಲ್ಲಿ. ಒಂದು ಹಾಡನ್ನು ಒಂದು ವರ್ಷ ತಪ್ಪು ಶ್ರುತಿಯಲ್ಲೇ ನುಡಿಸಿದ್ದೇನೆ. ಹಾಡುವವರಿಗೆ ಅದೇ ಹಿತವಾಗಿತ್ತು, ಬಿಟ್ಟುಬಿಟ್ಟೆ.

ಇನ್ನು ಚೀಟಿಯ ವಿಷಯ. ಯಾರಿಗೆ ಯಾವ ಹಾಡು ಬೇಕೋ ಅದನ್ನು ಚೀಟಿಯಲ್ಲಿ ಬರೆದು ಮುಂದಕ್ಕೆ ಕಳುಹಿಸುವ ಪದ್ಧತಿ ನಮ್ಮಲ್ಲಿ ಮೊದಲ ತಿಂಗಳಲ್ಲೇ ಬೇರೂರಿತು. ಬಸ್ ಟಿಕೆಟ್ಟಿನ ಹಿಂಭಾಗ, ಸಿಗರೇಟು ಪೊಟ್ಟಣದ ಒಳಹಾಳೆ, ಮಂಡಿಯ ಹರಿದ ಬಿಲ್ಲು, ಎಲ್ಲದರ ಮೇಲೂ ಹಾಡು ಬರುತ್ತಿತ್ತು. ಒಂದು ಸಂಜೆಗೆ ಮೂವತ್ತು ಚೀಟಿಯಾದರೂ ಆಗುತ್ತಿತ್ತು, ನುಡಿಸಲು ಆಗುತ್ತಿದ್ದುದು ಹದಿನೆಂಟು, ಇಪ್ಪತ್ತು. ಜನ ತಿಳಿದುಕೊಂಡಿದ್ದು ನಾನು ಬೇಕಾದವರ ಚೀಟಿಯನ್ನು ಮೇಲಿಡುತ್ತೇನೆ ಎಂದು. ಹಾಗಿರಲಿಲ್ಲ. ನಾನು ಜೋಡಿಸುತ್ತಿದ್ದುದು ಶ್ರುತಿಯ ಪ್ರಕಾರ.

ಹಾರ್ಮೋನಿಯಂನಲ್ಲಿ ಶ್ರುತಿ ಬದಲಿಸಲು ಬೆರಳು ಜರುಗಿಸಿದರೆ ಸಾಕು. ತಬಲಕ್ಕೆ ಹಾಗಲ್ಲ. ಬಾರಿನ ಕೆಳಗಿನ ಮರದ ತುಂಡುಗಳನ್ನು ಸುತ್ತಿಗೆಯಿಂದ ಒಂದೊಂದಾಗಿ ಕೆಳಕ್ಕೆ ಬಡಿದು, ಚರ್ಮ ಬಿಗಿದು, ಅಂಚಿನ ಹೆಣಿಗೆಗೆ ಸುತ್ತಲೂ ತಟ್ಟಿ ದನಿ ಕೂಡಿಸಬೇಕು. ಹಾಡಿಗೊಮ್ಮೆ ಹೀಗೆ ಬಡಿಯುತ್ತ ಕುಳಿತರೆ ಜನ ಎದ್ದು ಬೋಂಡದ ಕಡೆ ಹೋಗುತ್ತಾರೆ. ಉಪಾಯ ಹೇಳಿಕೊಟ್ಟವರು ನಮ್ಮ ತಬಲದ ಮೇಷ್ಟ್ರು. ಒಂದೂವರೆ ಮನೆಗೆ ಕಟ್ಟಿದ ತಬಲ, ಒಂದೂವರೆಯಲ್ಲಿ ಹಾಡುವವರಿಗೆ ಷಡ್ಜ, ಅಂದರೆ 'ಸ'. ಅದೇ ತಬಲ ನಾಲ್ಕೂವರೆ ಮನೆಯ ಹಾಡಿಗೆ ಪಂಚಮ, ಅಂದರೆ 'ಪ', ಐದೂವರೆ ಮನೆಯ ಹಾಡಿಗೆ ಮಧ್ಯಮ, ಅಂದರೆ 'ಮ'. ಮೂರಕ್ಕೂ ಹೊಂದುತ್ತದೆ, ಸುತ್ತಿಗೆ ಮುಟ್ಟಬೇಕಿಲ್ಲ. ನಮ್ಮ ಗಾಯಕ ಒಂದೂವರೆಯವನು. ಗಾಯಕಿ ಬೇಲೂರಿನ ಶಾಲೆಯೊಂದರ ಶಿಕ್ಷಕಿ, ಅಣ್ಣನನ್ನು ಜೊತೆಗೆ ಕರೆದುಕೊಂಡೇ ಬರುತ್ತಿದ್ದವರು, ಅವರದು ಐದೂವರೆ. ಯುಗಳ ಗೀತೆಗಳನ್ನು ನಾಲ್ಕೂವರೆಗೆ ಎಳೆದುಕೊಂಡೆವು. ಒಂದೇ ತಬಲದಲ್ಲಿ ಇಡೀ ಸಂಜೆ ಸಾಗುತ್ತಿತ್ತು.

ಹೀಗೆ ಜೋಡಿಸುವಾಗ ನನಗೆ ಗೊತ್ತಿಲ್ಲದೆಯೇ ಇನ್ನೊಂದು ಕೆಲಸ ಆಗುತ್ತಿತ್ತು. ಒಂದೇ ಶ್ರುತಿಯ ಮೂರು ಹಾಡು ಬೆನ್ನು ಬೆನ್ನಿಗೆ ಬಂದರೆ ಕೇಳುವವರ ಕಿವಿ ಅಲ್ಲಿ ನೆಲೆಯಾಗುತ್ತದೆ. ಆಮೇಲೆ ಗಾಯಕಿ ಐದೂವರೆಯಲ್ಲಿ ಬಾಯಿ ತೆರೆದರೆ ಕಿಟಕಿ ತೆಗೆದಂತಾಗುತ್ತಿತ್ತು. ಜನ ಅದಕ್ಕೆ ಹಾಡನ್ನು ಹೊಗಳುತ್ತಿದ್ದರು, ನಾನು ಸುಮ್ಮನಿರುತ್ತಿದ್ದೆ.

ಈ ಲೆಕ್ಕಕ್ಕೆ ಸಿಗದ ಒಂದು ಚೀಟಿ ಮಾತ್ರ ವಾರವಾರವೂ ಬರುತ್ತಿತ್ತು. ಒಬ್ಬ ಬಸ್ ಚಾಲಕರು. ಸಕಲೇಶಪುರದ ಕಡೆಗೆ ರಾತ್ರಿಯ ಬಸ್ಸು ಅವರದು, ಒಂಬತ್ತೂವರೆಗೆ ಹೊರಡಬೇಕು. ಖಾಕಿಯಲ್ಲೇ ಬಂದು ಮೆಟ್ಟಿಲ ಹತ್ತಿರ ನಿಲ್ಲುತ್ತಿದ್ದರು. ಅವರು ಕೇಳುತ್ತಿದ್ದುದು ಒಂದೇ ಹಾಡು, ಅದು ಹಾಡುವವನ ಗಂಟಲಿಗೆ ಸರಿಯಾಗಿ ಕೂರುತ್ತಿದ್ದುದು ಎರಡು ಮನೆಯಲ್ಲಿ. ಅರ್ಧ ಮನೆ ಇಳಿಸಿದರೆ ಅನುಪಲ್ಲವಿಯ ತಳದ ಸ್ವರ ಕೇಳಿಸುವುದೇ ಇಲ್ಲ. ಆರಂಭದಲ್ಲಿ ಅದನ್ನು ಕೊನೆಗೆ ತಳ್ಳುತ್ತಿದ್ದೆ. ಅಷ್ಟರಲ್ಲಿ ಅವರು ಹೊರಟುಬಿಟ್ಟಿರುತ್ತಿದ್ದರು. ಒಂದು ದಿನ ಮೆಟ್ಟಿಲ ಮೇಲೆ ನಿಲ್ಲಿಸಿ ಕೇಳಿದರು.

"ಸ್ವಾಮಿ, ನನ್ನ ಹತ್ತು ರೂಪಾಯಿ ನಡೆಯುವುದಿಲ್ಲವೇ?"

ತಬಲದ ಮೇಷ್ಟ್ರಿಗೆ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಮುಂದಿನ ತಿಂಗಳು ಅರಸೀಕೆರೆಯಲ್ಲಿ ಯಾರೋ ಮಾರುತ್ತಿದ್ದ ಇನ್ನೊಂದು ಬಲಗೈ ತಬಲವನ್ನು ಕೊಂಡು ತಂದು, ಎರಡು ಮನೆಗೆ ಕಟ್ಟಿ, ಚೀಲದಲ್ಲಿಟ್ಟುಕೊಂಡು ಬಂದರು. ಅಲ್ಲಿಂದ ಮುಂದೆ ಒಂಬತ್ತೂಕಾಲಿಗೆ ಆ ತಬಲ ಹೊರಗೆ ಬರುತ್ತಿತ್ತು, ಒಂದು ಹಾಡು ಮುಗಿದೊಡನೆ ಒಳಗೆ ಹೋಗುತ್ತಿತ್ತು.

1987ರಲ್ಲಿ 'ಪ್ರೇಮಲೋಕ' ಬಂತು. ಹಂಸಲೇಖ ಅವರ ಆ ಸದ್ದನ್ನು ಕೇಳಿದ ಹುಡುಗರು ನಮ್ಮ ಢೋಲಕ್, ಬಾಂಗೋ ನೋಡಿ ಮುಖ ಕಿವುಚಿದರು. ಬಿಸ್ಕತ್ತಿನ ಡಬ್ಬಕ್ಕೆ ಮೈಕ್ ಹಿಡಿದು, ಆಂಪ್ಲಿಫೈಯರಿನ ಎಕೋ ಪೂರ್ತಿ ತಿರುಗಿಸಿ ಸರಿದೂಗಿಸಲು ನೋಡಿದೆವು. ಅದು ಡಬ್ಬದ ಹಾಗೆಯೇ ಕೇಳಿಸಿತು. ಕೊನೆಗೆ ಸಾಲ ಮಾಡಿ ಬೆಂಗಳೂರಿನಿಂದ ಯಾರೋ ಬಳಸಿದ್ದ ಆಕ್ಟೋಪ್ಯಾಡ್ ಎಂಬ ವಿದ್ಯುತ್ ಡ್ರಮ್ ತಂದೆವು. ಎಂಟು ಚೌಕ, ಎರಡು ಕಡ್ಡಿ. ಮೊದಲ ದಿನ ಅದನ್ನು ನೋಡಲೆಂದೇ ಜನ ಮೆಟ್ಟಿಲವರೆಗೆ ನಿಂತಿದ್ದರು.

ಸಾಲ ತೀರಿದ್ದು ಮಂಡಿಯ ಮೇಲಿನ ಹಣದಿಂದಲ್ಲ. ಸದಸ್ಯರ ಹತ್ತು ರೂಪಾಯಿಗಳು ಬಾಡಿಗೆ, ಬೋಂಡ, ಕರೆಂಟಿಗೇ ಸರಿಹೋಗುತ್ತಿದ್ದವು. ಕೈ ಹಿಡಿದದ್ದು ಗಣಪತಿ ಪೆಂಡಾಲುಗಳು ಮತ್ತು ಕಾಫಿ ತೋಟಗಳು. ಕೊಯ್ಲು ಮುಗಿದು ಕೈಯಲ್ಲಿ ದುಡ್ಡಾಡುವ ಫೆಬ್ರವರಿ, ಮಾರ್ಚಿನಲ್ಲಿ ಸಕಲೇಶಪುರದ ಕಡೆಯ ತೋಟದವರು ಕಣದಲ್ಲೇ ವೇದಿಕೆ ಹಾಕಿಸಿ ಕರೆಸುತ್ತಿದ್ದರು. 1994ರಲ್ಲಿ ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ ಬಿದ್ದು ಅಲ್ಲಿನ ಕಾಫಿ ಗಿಡ ಸುಟ್ಟುಹೋಯಿತು, ಬೆಲೆ ಏರಿತು. ಇಲ್ಲಿ ಬೆಳೆಗಾರರು ತಮ್ಮ ಕಾಫಿಯನ್ನು ಸರ್ಕಾರದ ಕಾಫಿ ಮಂಡಳಿಗೇ ಕೊಡಬೇಕೆಂಬ ಕಟ್ಟು ಕೂಡ ಅದೇ ವರ್ಷಗಳಲ್ಲಿ ಸಡಿಲವಾಗಿತ್ತು. ಬ್ರೆಜಿಲ್ ಎಲ್ಲಿದೆ ಎಂದು ತೋರಿಸಲಾರದ ನಮ್ಮ ತಂಡದ ಸಂಭಾವನೆ ಆ ಚಳಿಯಿಂದ ಎರಡು ಪಟ್ಟಾಯಿತು.

ತೋಟದ ಕಾರ್ಯಕ್ರಮದ ಕಷ್ಟವೇ ಬೇರೆ. ಊಟವಾದ ಮೇಲೆ ಒಂಬತ್ತಕ್ಕೆ ಶುರು, ಹನ್ನೊಂದಕ್ಕೆ ಇಬ್ಬನಿ ಇಳಿಯುತ್ತಿತ್ತು. ಚರ್ಮ ತೇವ ಹೀರಿ ಸಡಿಲಗೊಂಡು ತಬಲದ ದನಿ ಕುಸಿಯುತ್ತಿತ್ತು. ವೇದಿಕೆಯ ಹಿಂದೆ ಬಾಣಲೆಯಲ್ಲಿ ಕೆಂಡ ಇಟ್ಟುಕೊಳ್ಳುತ್ತಿದ್ದೆವು. ಅಂಗೈ ತಾಳುವಷ್ಟು ದೂರದಲ್ಲಿ ಹಿಡಿದು, ತಿರುಗಿಸುತ್ತ, ಹಪ್ಪಳ ಸುಡುವವರ ತಾಳ್ಮೆಯಲ್ಲಿ ಕಾಯಿಸಬೇಕು. ಒಂದು ರಾತ್ರಿ ಮೇಷ್ಟ್ರು ಢೋಲಕ್ ನುಡಿಸುತ್ತಿದ್ದಾಗ ಆ ಕೆಲಸ ನನ್ನ ಪಾಲಿಗೆ ಬಂತು. ಹಾರ್ಮೋನಿಯಂ ಇಲ್ಲದ ಹಾಡು ಎಂದು ಹಿಂದೆ ಬಂದಿದ್ದೆ, ತೋಟದವರ ಮಗಳು ತಂದ ಕಡುಬಿನ ತಟ್ಟೆಯ ಮೇಲೆ ಗಮನವಿತ್ತು. ಫಟ್ ಎಂದಿತು. ನೋಡಿದರೆ ನಡುವಿನ ಕಪ್ಪು ಕರಣೆಯ ಪಕ್ಕದಿಂದ ಅಂಚಿನವರೆಗೆ ಚರ್ಮ ಸೀಳಿದೆ. ಒಂದೂವರೆ ಮನೆಯ ತಬಲ. ಉಳಿದ ರಾತ್ರಿಯನ್ನೆಲ್ಲ ಚಾಲಕರ ತಬಲದಲ್ಲಿ, ಎಲ್ಲರೂ ಅರ್ಧ ಮನೆ ಮೇಲೇರಿ ಹಾಡಿದರು. ಗಾಯಕಿಯ ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು. ವಾಪಸು ಬರುವಾಗ ಜೀಪಿನಲ್ಲಿ ಮೇಷ್ಟ್ರು ಆಲೂರಿನವರೆಗೂ ಮಾತಾಡಲಿಲ್ಲ. ಆಲೂರು ದಾಟಿದ ಮೇಲೆ, "ಕಡುಬು ಚೆನ್ನಾಗಿತ್ತೇ?" ಎಂದರು.

ಆ ಬಳಿಕ ಬಂದ ಕೀಬೋರ್ಡಿನಲ್ಲಿ ಒಂದು ಗುಂಡಿ ಇತ್ತು. ಒತ್ತಿದರೆ ಶ್ರುತಿ ಅರ್ಧ ಮನೆ ಮೇಲೆ, ಇನ್ನೊಂದು ಒತ್ತಿದರೆ ಕೆಳಗೆ. ಆಕ್ಟೋಪ್ಯಾಡಿಗಂತೂ ಶ್ರುತಿಯ ಹಂಗೇ ಇಲ್ಲ. ಹೊಸ ಹುಡುಗರು ಚೀಟಿಗಳನ್ನು ಬಂದ ಕ್ರಮದಲ್ಲೇ ಎತ್ತಿಕೊಂಡರು. ನ್ಯಾಯವಾಗಿ ನೋಡಿದರೆ ಅದೇ ಸರಿ. ಆದರೆ ನನ್ನ ಕಿವಿಗೆ ಆ ಸಂಜೆಗಳು ಗುಂಡಿಬಿದ್ದ ರಸ್ತೆಯಲ್ಲಿ ಬಸ್ಸು ಹೋದಂತೆ ಕೇಳುತ್ತಿದ್ದವು, ಹಾಡಿನಿಂದ ಹಾಡಿಗೆ ಎತ್ತಿಹಾಕುತ್ತಿದ್ದವು. ಹೇಳಿದರೆ ಮುದುಕನ ಗೊಣಗಾಟ ಎನ್ನುತ್ತಾರೆಂದು ಹೇಳಲಿಲ್ಲ.

2000ರಲ್ಲಿ ಶಬ್ದ ಮಾಲಿನ್ಯ ನಿಯಮಗಳು ಬಂದವು. ರಾತ್ರಿ ಹತ್ತರ ಮೇಲೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಒಂಬತ್ತಕ್ಕೆ ಶುರುವಾಗುವ ತೋಟದ ಕಾರ್ಯಕ್ರಮಕ್ಕೆ ಉಳಿದದ್ದು ಒಂದು ಗಂಟೆ. ಸಾಲದೆಂಬಂತೆ ಕಾಫಿ ಬೆಲೆಯೂ ನೆಲ ಕಚ್ಚಿತು. ಕರೆಯುವವರು ಕಡಿಮೆಯಾದರು. ಮಂಡಿ ಯಜಮಾನರ ಮಕ್ಕಳಿಗೆ ಕಟ್ಟಡ ಕೆಡವಿ ಮಳಿಗೆ ಕಟ್ಟಿಸುವ ಆಸೆ, ಅದು ತಪ್ಪೇನಲ್ಲ.

ಕೊನೆಯ ಶನಿವಾರ 2001ರಲ್ಲಿ. ಕೀಬೋರ್ಡಿಗೆ ಇನ್ನೂ ಕಾಲೇಜು ಓದುತ್ತಿದ್ದ ಹುಡುಗ, ನಾನು ಚೀಟಿ ಹಿಡಿದು ಪಕ್ಕದಲ್ಲಿದ್ದೆ. ಚಾಲಕರು ನಿವೃತ್ತರಾಗಿ ಎರಡು ವರ್ಷವಾಗಿತ್ತು. ಹಿಡಿಯಬೇಕಾದ ಬಸ್ಸಿಲ್ಲ, ಓಡಿಸಬೇಕಾದ ಬಸ್ಸೂ ಇಲ್ಲ. ಬಿಳಿ ಪಂಚೆ ಉಟ್ಟು ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಆದರೂ ಚೀಟಿ ಬಂದದ್ದು ಒಂಬತ್ತೂಕಾಲಿಗೆ.

ಹುಡುಗ ಅದನ್ನು ನೋಡಿ, "ಸಾರ್, ಇದು ಯಾವ ಶ್ರುತಿ?" ಎಂದು ಗುಂಡಿಯ ಮೇಲೆ ಬೆರಳಿಟ್ಟ.

ನಾನು ಉತ್ತರ ಹೇಳುವ ಮೊದಲೇ ಮೇಷ್ಟ್ರು ಚೀಲದ ದಾರ ಬಿಚ್ಚುತ್ತಿದ್ದರು.